ಹದಿನಾಲ್ಕನೇ ನಂಬರಿನ ರಕ್ತ

ನನ್ನ ರಕ್ತದ ನಂಬರು ಹನ್ನೊಂದು. ಇದರಲ್ಲಿ ಅನುಮಾನವಿಲ್ಲ, ಲ್ಯಾಬಿನ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿದೆ. ಉಳಿದದ್ದನ್ನು ಬರೆಯುವಾಗ ಮಾತ್ರ ಆಗಾಗ ನಿಂತು, ಇದು ನಡೆದದ್ದೋ ಆಮೇಲೆ ನಾನು ಜೋಡಿಸಿಕೊಂಡದ್ದೋ ಎಂದು ಕೇಳಿಕೊಳ್ಳಬೇಕಾಗಿದೆ. ನನ್ನ ಬಳಿ ಎರಡು ದಾಖಲೆಗಳಿವೆ. ಆ ನೋಟ್‌ಬುಕ್ಕಿನ ಕೆಲವು ಪುಟಗಳ ಜೆರಾಕ್ಸ್ ಪ್ರತಿ ಒಂದು, ಆಗ ಬರೆಯುತ್ತಿದ್ದ ಡೈರಿ ಇನ್ನೊಂದು. ಡೈರಿ ನನ್ನ ನೆನಪಿನೊಡನೆ ಒಂದು ಜಾಗದಲ್ಲಿ ಒಪ್ಪುವುದಿಲ್ಲ. ಒಪ್ಪಬೇಕಾಗಿದ್ದ ಜಾಗ ಅದೊಂದೇ.

ತೊಂಬತ್ತರ ದಶಕದ ನಡುವಿನ ಮಾತು. ಎಂ.ಎಸ್ಸಿ. ಮುಗಿಸಿ ಚಾಮರಾಜಪೇಟೆಯ ಒಂದು ಹಳೆಯ ಕಲ್ಲುಕಟ್ಟಡದ ಮಹಡಿಯಲ್ಲಿದ್ದ ಸಂಶೋಧನಾ ಲ್ಯಾಬಿಗೆ ಸೇರಿದ್ದೆ. ಬಸವನಗುಡಿಯ ನಮ್ಮ ಮನೆಯಿಂದ ನಡೆದೇ ಹೋಗುತ್ತಿದ್ದೆ. ಅಲ್ಲಿ ನಮ್ಮ ಕೆಲಸವೆಲ್ಲ ಒಂದೇ ಕಾಯಿಲೆಯ ಮೇಲೆ. ಹಂದಿಯ ಲಾಡಿಹುಳುವಿನ ಮರಿ ಮನುಷ್ಯನ ಮಿದುಳು ಸೇರಿ ಗುಳ್ಳೆಯಾಗಿ ಕೂರುತ್ತದೆ. ವರ್ಷಗಟ್ಟಲೆ ಸುಮ್ಮನಿರುತ್ತದೆ. ಆಮೇಲೆ ಒಂದು ದಿನ, ಬಸ್ ಸ್ಟಾಪಿನಲ್ಲೋ ಬಚ್ಚಲಲ್ಲೋ, ಫಿಟ್ಸ್ ಬರುತ್ತದೆ. ತಲೆಯ ಸ್ಕ್ಯಾನ್ ಮಾಡಿಸುವ ಶಕ್ತಿ ಆಗ ಎಲ್ಲರಿಗೂ ಇರಲಿಲ್ಲ. ಸ್ವಲ್ಪ ರಕ್ತದಲ್ಲೇ ಇದನ್ನು ಪತ್ತೆಹಚ್ಚುವ ಅಗ್ಗದ ಪರೀಕ್ಷೆಯೊಂದನ್ನು ತಯಾರಿಸಬೇಕೆಂಬುದು ನಮ್ಮ ಗೈಡ್ ಅವರ ಹಂಬಲ.

ಪರೀಕ್ಷೆ ಹೇಳಲು ಸುಲಭ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ಸಾಲುಸಾಲು ಪುಟ್ಟ ಗುಳಿಗಳು. ಗುಳಿಯ ತಳಕ್ಕೆ ಹುಳುವಿನ ರಸ ಅಂಟಿಸಿ, ಮೇಲೆ ರೋಗಿಯ ರಕ್ತದ ತಿಳಿ ಹಾಕಿ, ಒಂದು ಗಂಟೆ ಬೆಚ್ಚಗೆ ಇಟ್ಟು, ತೊಳೆದು, ಇನ್ನೊಂದು ದ್ರಾವಣ ಹಾಕಿ, ಮತ್ತೆ ತೊಳೆದು, ಕೊನೆಗೆ ಬಣ್ಣ ಬರಿಸುವ ನೀರು. ಆ ಹುಳುವನ್ನು ಕಂಡಿರುವ ರಕ್ತವಾದರೆ ಗುಳಿ ಅರಿಸಿನದ ನೀರಿನ ಹಾಗೆ ಹಳದಿಯಾಗುತ್ತದೆ. ಕಾಣದ ರಕ್ತವಾದರೆ ಬರೀ ನೀರಿನ ಹಾಗೆ ಉಳಿಯುತ್ತದೆ.

ಹುಳುವಿನ ರಸಕ್ಕೆ ಹಂದಿ ಮಾಂಸ ಬೇಕಿತ್ತು, ಅದೂ ರೋಗದ ಹಂದಿಯದು. ಅದನ್ನು ತರುತ್ತಿದ್ದವನು ನಮ್ಮ ಅಟೆಂಡರ್. ನಲವತ್ತು ದಾಟಿದ, ಲ್ಯಾಬಿನ ಎಲ್ಲರಿಗಿಂತ ಹೆಚ್ಚು ಪೇಪರ್ ಓದುತ್ತಿದ್ದ ಮನುಷ್ಯ. ಅವನನ್ನು ನಾನು ಅಣ್ಣಾ ಎಂದು ಕರೆಯುತ್ತಿದ್ದೆ, ಅವನು ನನ್ನನ್ನು ಮೇಡಂ ಎನ್ನುತ್ತಿದ್ದ. ಈಗ ಬರೆಯುವಾಗ ನನ್ನ ಕೈ ಅವನಿಗೆ ಏಕವಚನವನ್ನೂ ಮಿಕ್ಕವರಿಗೆ ಬಹುವಚನವನ್ನೂ ತಾನಾಗಿ ಹಾಕುತ್ತಿದೆ. ತಿದ್ದುವುದಿಲ್ಲ, ಆಗ ಹಾಗೇ ಇತ್ತು. ಮಾಂಸಕ್ಕೆಂದೇ ಅವನು ಮಾಮೂಲ್‌ಪೇಟೆಯಿಂದ ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ತಂದಿಟ್ಟಿದ್ದ. ಬೇರೆ ಯಾರೂ ಆ ಡಬ್ಬಿಯನ್ನು ಹೊರಗಡೆಯಿಂದಲೂ ಮುಟ್ಟುತ್ತಿರಲಿಲ್ಲ.

ಮುಟ್ಟುತ್ತಿದ್ದವರು ಇನ್ನೊಬ್ಬರು ಮಾತ್ರ. ನಮ್ಮ ಸೀನಿಯರ್ ಟೆಕ್ನಿಷಿಯನ್. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ರಾಯರೇ ಎನ್ನುತ್ತಿದ್ದರು. ಹನುಮಂತನಗರದ ಮನೆಯಿಂದ ಮೊಪೆಡ್‌ನಲ್ಲಿ ಬರುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು, ಕಾಫಿಯನ್ನೂ ಮನೆಯಿಂದ ಫ್ಲಾಸ್ಕಿನಲ್ಲಿ ತರುವವರು. ಅಂಥವರು ಗ್ಲೌಸು ಹಾಕಿಕೊಂಡು, ಚಿಮಟ ಹಿಡಿದು, ಮಾಂಸದೊಳಗಿನ ಗುಳ್ಳೆಗಳನ್ನು ಒಡೆಯದಂತೆ ಒಂದೊಂದಾಗಿ ಬಿಡಿಸುತ್ತಿದ್ದರು. ನೆನೆಸಿದ ಸಬ್ಬಕ್ಕಿಯ ಹಾಗಿರುತ್ತಿದ್ದವು, ನಡುವೆ ಒಂದು ಬಿಳಿ ಚುಕ್ಕೆ. ಕೆಲಸ ಮುಗಿದ ಮೇಲೆ ಹಿತ್ತಲ ನಲ್ಲಿಯಲ್ಲಿ ತಲೆಯ ಮೇಲೆ ನೀರು ಹುಯ್ದುಕೊಂಡು, ಬೇರೆ ಪಂಚೆ ಉಟ್ಟು ಮನೆಗೆ ಹೊರಡುತ್ತಿದ್ದರು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಅವರದೊಂದು ಖಾಯಂ ಪಾಠವಿತ್ತು.

"ಹಂದಿ ತಿಂದೋನಿಗೆ ಹುಳ ಹೊಟ್ಟೇಲಿ. ಆ ಹುಳದ ಮೊಟ್ಟೆ ತಿಂದೋನಿಗೆ ಹುಳ ತಲೇಲಿ. ಮೊಟ್ಟೆ ಕೊತ್ತಂಬರಿ ಸೊಪ್ಪಲ್ಲೂ ಬರತ್ತೆ, ನೀರಲ್ಲೂ ಬರತ್ತೆ, ಬಡಿಸೋನ ಉಗುರಲ್ಲೂ ಬರತ್ತೆ. ಮೊಟ್ಟೆ ಯಾರ ಜಾತೀನೂ ಕೇಳಲ್ಲ."

ಎಲ್ಲರೂ ನಗುತ್ತಿದ್ದರು. ನಾನೂ ಇದನ್ನು ನನ್ನ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಹೀಗೆ ಎಲ್ಲರಿಗೂ ಗೊತ್ತಿದ್ದ ಒಂದು ವಿಷಯವನ್ನು ಒಬ್ಬರೂ ನೆನೆಯದೆ ಮುಂದಿನ ಕೆಲಸ ಮಾಡಿದೆವು.

ಎಷ್ಟು ಹಳದಿಯಾದರೆ ಕಾಯಿಲೆ ಎಂದು ಗೆರೆ ಎಳೆಯಲು ಕಾಯಿಲೆ ಇಲ್ಲದವರ ರಕ್ತ ಬೇಕು. ಇಪ್ಪತ್ತು ಜನ ಸಾಕೆಂದರು ಗೈಡ್. ಎಲ್ಲಿಂದ ತರುವುದೆಂಬ ಪ್ರಶ್ನೆಯೇ ಏಳಲಿಲ್ಲ. ಲ್ಯಾಬಿನ ನಾವು, ಆಫೀಸಿನ ಗುಮಾಸ್ತರು, ಗೈಡ್ ಅವರ ಬೆಳಗಿನ ವಾಕಿಂಗ್ ಗೆಳೆಯರು. ಎಲ್ಲ ಸಸ್ಯಾಹಾರಿಗಳೇ. ನಮಗಿಂತ ಶುದ್ಧ ನೆಗೆಟಿವ್ ಊರಲ್ಲಿ ಎಲ್ಲಿ ಸಿಗುತ್ತದೆ ಎಂದು ಅವರು ಹೇಳಿದಾಗ ಅದು ವಿಜ್ಞಾನವೆಂದೇ ಕೇಳಿಸಿತ್ತು. ಒಂದು ಬೆಳಿಗ್ಗೆ ಎಲ್ಲರೂ ಉಪ್ಪಿಟ್ಟು ತಿಂದು ಸಾಲಾಗಿ ಕೂತೆವು, ಮನೆಯ ಸಮಾರಂಭದ ಹಾಗೆ. ರಾಯರು ಒಬ್ಬೊಬ್ಬರ ತೋಳಿನಿಂದಲೂ ರಕ್ತ ತೆಗೆದರು. ಅವರು ಚುಚ್ಚಿದರೆ ನೋವೇ ಆಗುತ್ತಿರಲಿಲ್ಲ.

ಅವರ ಸರದಿ ಬಂದಾಗ ಸೂಜಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದುವರೆಗೆ ಯಾರಿಗೂ ಚುಚ್ಚಿರಲಿಲ್ಲ. ಎರಡನೇ ಸಲಕ್ಕೆ ನರ ಸಿಕ್ಕಿತು. ಟ್ಯೂಬಿನ ಮೇಲೆ ಹದಿನಾಲ್ಕು ಎಂದು ಬರೆದವಳೂ ನಾನೇ. ಪರೀಕ್ಷೆ ಮಾಡುವವರಿಗೆ ನಂಬರಷ್ಟೇ ತಿಳಿದಿರಬೇಕು, ಹೆಸರು ತಿಳಿಯಬಾರದು ಎಂಬುದು ನಿಯಮ. ಈ ಒಂದು ನಂಬರಿನ ಮಟ್ಟಿಗೆ ನಿಯಮ ಮೊದಲೇ ಮುರಿದಿತ್ತು.

ಆಗ ಅಟೆಂಡರ್ ತಾನೂ ಅಂಗಿಯ ತೋಳು ಮಡಚಿ ಕೂತ. ಗೈಡ್ ನಕ್ಕುಬಿಟ್ಟರು.

"ನಿಂದು ಬೇಡಪ್ಪ. ನೀನು ಭಾನುವಾರ ಬಂದ್ರೆ ಹಂದಿ ತಿನ್ನೋ ಗಿರಾಕಿ."

"ಹಂದಿ ಹೊತ್ಕೊಂಡ್ ಬರೋಕ್ ನಾನ್ ಬೇಕು ಸಾರ್. ಟೆಸ್ಟಿಗ್ ಮಾತ್ರ ನಿಮ್ ರಕ್ತಾನೇ ಆಗ್ಬೇಕು," ಎಂದು ಅವನೂ ನಕ್ಕ. ತೋಳು ಬಿಟ್ಟುಕೊಂಡು, ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು ಹೋದ.

ಆ ವಾರವೇ ಪ್ಲೇಟು ಹಾಕಿದೆ. ಕೊನೆಯ ನೀರು ಹಾಕಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ರೋಗಿಗಳ ಸಾಲು ಇನ್ನೂ ಬಣ್ಣಕ್ಕೆ ತಿರುಗಿರಲಿಲ್ಲ. ನಮ್ಮ ಸಾಲಿನಲ್ಲಿ ಒಂದು ಗುಳಿ ಅದಕ್ಕೂ ಮೊದಲೇ ಹಳದಿಯಾಯಿತು. ಎಣಿಸಿದೆ. ಹದಿನಾಲ್ಕು. ಪಕ್ಕದಿಂದ ಮತ್ತೆ ಎಣಿಸಿದೆ. ನನ್ನ ಕೈತಪ್ಪು ಎಂದುಕೊಂಡು ಮಾರನೇ ದಿನ ಪೂರ್ತಿ ಹೊಸದಾಗಿ ಮಾಡಿದೆ. ಅದೇ ಬಣ್ಣ. ಮೂರನೇ ಸಲ ಪ್ಲೇಟಿನ ಬೇರೆ ಮೂಲೆಯಲ್ಲಿ ಹಾಕಿದೆ. ಅಲ್ಲೂ ಹಳದಿ.

ಮೂರೂ ರೀಡಿಂಗ್ ನೋಟ್‌ಬುಕ್ಕಿನಲ್ಲಿವೆ, ತಾರೀಖಿನ ಸಮೇತ.

ಗೈಡ್ ಅವರ ಕೋಣೆಗೆ ಹೋಗಿ ಹೇಳಿದೆ. ಅವರು ಅಂಕಿಗಳನ್ನು ನೋಡಿದರು. ರಕ್ತದಲ್ಲಿ ಹುಳುವಿನ ಗುರುತು ಇದ್ದ ಮಾತ್ರಕ್ಕೆ ತಲೆಯಲ್ಲಿ ಹುಳುವಿದೆ ಎಂದಲ್ಲ, ಎಂದೋ ಬಂದು ಹೋಗಿರಬಹುದು, ಬೇರೆ ಹುಳುವಿನ ಗುರುತೂ ಇರಬಹುದು ಎಂದು ವಿವರಿಸಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಇವತ್ತಿಗೂ ಇಲ್ಲ. ಇದೊಂದು ನಂಬರನ್ನು ಇಟ್ಟುಕೊಂಡರೆ ಗೆರೆ ಮೇಲೆ ಹೋಗುತ್ತದೆ, ನಿಜವಾದ ರೋಗಿಗಳು ಎಷ್ಟೋ ಜನ ಗೆರೆಯ ಕೆಳಗೆ ಉಳಿದು ತಪ್ಪಿಹೋಗುತ್ತಾರೆ ಎಂದರು. ಅದೂ ನಿಜ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಹೇಳಿದರು:

"ತೆಗೆದುಬಿಡಮ್ಮ ಅದನ್ನ. ಯಾರದ್ದು ಅಂತ ನನಗೆ ಹೇಳ್ಬೇಡ."

ನಾನು ಹೇಳಲಿಲ್ಲ. ಹದಿನಾಲ್ಕರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಇಪ್ಪತ್ತು ಹತ್ತೊಂಬತ್ತಾಯಿತು. ಪಟ್ಟಿ ತುಂಬಬೇಕಿತ್ತು, ವಾಕಿಂಗ್ ಗೆಳೆಯರು ಮತ್ತೆ ಬರುವ ಉತ್ಸಾಹದಲ್ಲಿರಲಿಲ್ಲ. ಅಟೆಂಡರ್‌ದೇ ತೆಗೆದುಕೋ ಎಂದರು ಗೈಡ್, ನೋಡೋಣ ಎಂಬಂತೆ. ಅವನ ಗುಳಿ ನೀರಿನಷ್ಟು ತಿಳಿಯಾಗಿತ್ತು. ನನ್ನದಕ್ಕಿಂತ ತಿಳಿ. ಅವನ ಟ್ಯೂಬಿಗೆ ಹದಿನಾಲ್ಕನೇ ನಂಬರು ಕೊಟ್ಟೆ.

ಇಲ್ಲಿ ನಾನು ರಾಯರ ಜಪದ ಬಗ್ಗೆ ಹೇಳಬೇಕು. ಪ್ಲೇಟು ಬೆಚ್ಚಗೆ ಕೂರುವ ಆ ಒಂದು ಗಂಟೆ ಲ್ಯಾಬಿನಲ್ಲಿ ಯಾರಿಗೂ ಕೆಲಸವಿರುತ್ತಿರಲಿಲ್ಲ. ರಾಯರು ಕಿಟಕಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಕೆಲವೊಮ್ಮೆ ಮಾತಿನ ನಡುವೆಯೇ ಮೌನವಾಗುತ್ತಿದ್ದರು. ಕಣ್ಣು ಎಲ್ಲೋ ನೆಟ್ಟು, ತುಟಿ ಮೆಲ್ಲಗೆ ಅಲುಗುತ್ತ, ಎಡಗೈ ಅಂಗಿಯ ಗುಂಡಿಯನ್ನು ಹುಡುಕಿ ತಿರುಗಿಸುತ್ತ. ಅರ್ಧ ನಿಮಿಷ, ಒಂದು ನಿಮಿಷ. ಆಮೇಲೆ, ಏನು ಹೇಳ್ತಿದ್ದೆ ಎಂದು ಕೇಳುತ್ತಿದ್ದರು. ರಾಯರು ಜಪಕ್ಕೆ ಕೂತ್ರು, ಸದ್ದು ಮಾಡಬೇಡಿ ಎಂದು ನಾವು ಕಣ್ಸನ್ನೆ ಮಾಡಿಕೊಂಡು ಕಾಯುತ್ತಿದ್ದೆವು. ಅವರನ್ನು ಕೇಳಿದರೆ ಅವರೂ ಹೌದೆಂದೇ ನಂಬಿದ್ದರೋ ಏನೋ. ನಿಜವಾದ ಜಪವನ್ನೂ ಅವರು ಮಾಡುತ್ತಿದ್ದುದರಿಂದ ಎರಡಕ್ಕೂ ವ್ಯತ್ಯಾಸ ನಮಗೆ ಕಾಣಲೇ ಇಲ್ಲ. ಫಿಟ್ಸ್ ಕಾಯಿಲೆಯ ಬಗ್ಗೆ ದಿನವಿಡೀ ಓದುತ್ತಿದ್ದ ಕೋಣೆ ಅದು.

ಕಂಡದ್ದು ಅಟೆಂಡರ್‌ಗೆ. ಅವನ ರಕ್ತ ತೆಗೆದ ಎಷ್ಟೋ ದಿನಗಳ ಮೇಲೆ, ನಾನೊಬ್ಬಳೇ ಟ್ಯೂಬು ತೊಳೆಯುತ್ತಿದ್ದಾಗ ಬಂದು ಪಕ್ಕದಲ್ಲಿ ನಿಂತ.

"ಈಗ ನನ್ ರಕ್ತ ಬೇಕಾಯ್ತು ಅಂದ್ರೆ ಯಾರೋ ಒಬ್ರುನ್ನ ಕೈ ಬಿಟ್ರಿ ಅಂತಾಯ್ತು. ರಾಯರುನ್ನ ತಾನೆ?"

ನಾನು ಇನ್ನೊಂದು ಟ್ಯೂಬನ್ನು ನಲ್ಲಿಯ ಕೆಳಗೆ ಹಿಡಿದೆ.

"ನೀವ್ ಹೇಳ್ಬೇಡಿ ಬಿಡಿ. ಆದ್ರೆ ಅವ್ರು ಜಪ ಮಾಡ್ವಾಗ ಮುಖ ನೋಡಿದೀರಾ? ನಮ್ ಅಕ್ಕನ್ ಮಗಳ್ಗೂ ಹಿಂಗೇ ಶುರುವಾಗಿದ್ದು. ಗುಂಡಿ ತಿರುವೋದು, ತುಟಿ ಕುಣಿಸೋದು. ಅದು ಜಪ ಅಲ್ಲ ಮೇಡಂ."

ನಲ್ಲಿ ಹರಿಯುತ್ತಲೇ ಇತ್ತು. ಅವನೇ ನಿಲ್ಲಿಸಿದ. "ದಿನಾ ಗಾಡಿ ಓಡಿಸ್ಕೊಂಡ್ ಬರ್ತಾರೆ. ನಾನ್ ಹೇಳಿದ್ರೆ ಕೇಳಲ್ಲ. ನಿಮ್ ಮಾತಾದ್ರೆ ಕೇಳ್ತಾರೆ, ನಿಮ್ ಹತ್ರ ಕಾಗದ ಐತೆ," ಎಂದ.

ಈಗ ನನಗೆ ಎರಡೂ ಗೊತ್ತಿತ್ತು. ಹಳದಿ ಗುಳಿಯೂ, ಗುಂಡಿಯೂ. ಹನುಮಂತನಗರದ ಇಳಿಜಾರಿನಲ್ಲಿ ಮೊಪೆಡ್ ಮೇಲೆ ಆ ಅರ್ಧ ನಿಮಿಷ ಬಂದರೆ ಏನಾದೀತೆಂದು ತಿಳಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಹೇಳಬೇಕಾಗಿದ್ದು ಒಂದೇ ಮಾತು: ಒಂದು ಸ್ಕ್ಯಾನ್ ಮಾಡಿಸಿ, ಅಲ್ಲಿಯವರೆಗೆ ಗಾಡಿ ಬೇಡ.

ನನ್ನ ನೆನಪು ಹೀಗಿದೆ. ಮಾರನೇ ದಿನ, ಶುಕ್ರವಾರ, ರಾಯರು ಸಿಂಕಿನ ಮುಂದೆ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದಾರೆ. ಬೆನ್ನ ಹಿಂದೆ ಬಿಸಿಲು. ನಾನು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಎಲ್ಲ ಹೇಳುತ್ತೇನೆ. ಅವರು ನಗುತ್ತಾರೆ. "ನಾನು ಈರುಳ್ಳೀನೇ ತಿನ್ನಲ್ಲ ಕಣಮ್ಮ," ಎನ್ನುತ್ತಾರೆ. ನಾನು ಇನ್ನೊಮ್ಮೆ ಹೇಳುತ್ತೇನೆ. ಅವರು ಟವೆಲನ್ನು ಮೊಳೆಗೆ ಸಿಕ್ಕಿಸಿ ಹೊರಟುಹೋಗುತ್ತಾರೆ. ಹೇಳಿದೆ, ಅವರು ಕೇಳಲಿಲ್ಲ. ಎಷ್ಟೋ ವರ್ಷ ನಾನು ಇದನ್ನೇ ನಂಬಿಕೊಂಡು, ಒಂದಿಬ್ಬರಿಗೆ ಹೇಳಿಕೊಂಡೂ ಬದುಕಿದೆ.

ಡೈರಿಯಲ್ಲಿ ಗುರುವಾರದ ಕೆಳಗೆ ಇರುವುದು: "ರಾಯರಿಗೆ ಹೇಳಬೇಕು. ನಾಳೆ." ಶುಕ್ರವಾರದ ಪುಟ ಖಾಲಿ. ಶನಿವಾರದ ಕೆಳಗೆ ಚಿಕ್ಕಮ್ಮನ ಮನೆಯ ಸತ್ಯನಾರಾಯಣ ಪೂಜೆ, ಯಾರು ಯಾವ ಸೀರೆ ಉಟ್ಟಿದ್ದರೆಂಬುದೂ ಇದೆ. ಸೋಮವಾರದ ಕೆಳಗೆ ಎರಡೇ ಸಾಲು: "ಬೆಳಿಗ್ಗೆ ರಾಯರು ಗಾಡಿಯಿಂದ ಬಿದ್ದರಂತೆ. ಹೇಳಿದ್ದಿದ್ದರೆ."

ಈ ಕೊನೆಯ ಪದವನ್ನು ನಾನು ಎಷ್ಟು ರೀತಿ ಓದಲು ಯತ್ನಿಸಿದ್ದೇನೆಂದರೆ, ಆ ಪುಟದ ಮೂಲೆ ಸವೆದುಹೋಗಿದೆ. ಹೇಳಿದವಳು ಹಾಗೆ ಬರೆಯುವುದಿಲ್ಲ. ಈರುಳ್ಳಿಯ ಮಾತನ್ನು ಅವರು ಆಡಿದ್ದು ನಿಜವೇ ಇರಬೇಕು, ಆದರೆ ಅದು ರಕ್ತ ಕೊಟ್ಟ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದಾಗ ಆಡಿದ್ದಿರಬೇಕು. ನನ್ನ ನೆನಪು ಅದನ್ನು ಅಲ್ಲಿಂದ ಎತ್ತಿ ಸಿಂಕಿನ ಮುಂದೆ ತಂದಿಟ್ಟಿದೆ. ಬಿಸಿಲನ್ನೂ ಟವೆಲನ್ನೂ ಅದೇ ಒದಗಿಸಿದೆ.

ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ನೇರವಾಗಿ ಹೋಗಿ ಕಾಂಪೌಂಡಿಗೆ ಗುದ್ದಿದರು ಎಂದು ನೋಡಿದವರು ಹೇಳಿದರಂತೆ. ಕೂಗಲಿಲ್ಲ, ಕಾಲು ಊರಲೂ ಇಲ್ಲ. ದವಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ದೊಡ್ಡ ಫಿಟ್ಸ್ ಬಂತು, ಆಮೇಲೆ ಸ್ಕ್ಯಾನ್ ಆಯಿತು. ಅವರ ಹೆಂಡತಿ ಆ ಫಿಲ್ಮನ್ನು ಲ್ಯಾಬಿಗೆ ತಂದಿದ್ದರು, ಇದು ನಿಮಗೇ ಚೆನ್ನಾಗಿ ಗೊತ್ತಿರತ್ತಂತಲ್ಲ ಎಂದು. ಕಿಟಕಿಗೆ ಹಿಡಿದೆ. ಪ್ಲೇಟು ಹಿಡಿಯುತ್ತಿದ್ದ ಅದೇ ಕಿಟಕಿ. ಕಪ್ಪು ಗುಳ್ಳೆಗಳು, ಪ್ರತಿಯೊಂದರ ಒಳಗೂ ಒಂದು ಬಿಳಿ ಚುಕ್ಕೆ. ಎಣಿಸಲು ಹೊರಟವಳು ನಿಲ್ಲಿಸಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವತ್ತಿನಿಂದ ನಾನು ಸಬ್ಬಕ್ಕಿ ಪಾಯಸ ಮುಟ್ಟಿಲ್ಲ.

ಮೊಟ್ಟೆ ಅವರ ಬಾಯಿಗೆ ಹೋದದ್ದು ಎಲ್ಲಿಂದ ಎಂದು ಮುಂದೆ ಎಲ್ಲರೂ ಊಹಿಸಿದರು. ನಾವೇ ಪರೀಕ್ಷೆಗೆ ತರಿಸುತ್ತಿದ್ದ ಮಲದ ಸ್ಯಾಂಪಲ್ಲುಗಳಿಂದಲೋ, ಯಾವುದೋ ಮದುವೆಯ ಕೋಸಂಬರಿಯಿಂದಲೋ. ಅವರು ಸಂಜೆ ಗಾಡಿ ನಿಲ್ಲಿಸಿ ಉಪ್ಪುಖಾರ ಸವರಿದ ಸೌತೆಕಾಯಿ ತಿನ್ನುತ್ತಿದ್ದುದನ್ನು ಕಂಡ ನೆನಪು ನನಗಿದೆ. ಅದನ್ನೂ ನಂಬುವುದಿಲ್ಲ. ಕಾರಣ ಬೇಕಾದಾಗ ನೆನಪು ಒಂದನ್ನು ತಂದುಕೊಡುತ್ತದೆ.

ಆಸ್ಪತ್ರೆಯವರು ಅವರ ರಕ್ತವನ್ನು ನಮ್ಮ ಲ್ಯಾಬಿಗೇ ಕಳಿಸಿದರು. ರೋಗಿಗಳ ಸಾಲಿನಲ್ಲಿ, ರೋಗಿಯ ನಂಬರಿನಲ್ಲಿ ಹಾಕಿದೆ. ಹಳದಿಯಾಯಿತು. ಗೈಡ್ ಸಹಿ ಮಾಡಿದರು, ನಮ್ಮ ಪರೀಕ್ಷೆ ಸ್ಕ್ಯಾನಿಗೆ ಸರಿಯಾಗಿ ಹೊಂದಿದೆ ಎಂದರು. ನನ್ನ ಕಡೆ ನೋಡಲಿಲ್ಲ. ಹದಿನಾಲ್ಕು ಯಾರದ್ದೆಂದು ಅವರು ಊಹಿಸಿದ್ದರೇ? ನನಗೆ ಗೊತ್ತಿಲ್ಲ. ಗೊತ್ತಿತ್ತು ಎಂದು ಬರೆದರೆ ನನ್ನ ಭಾರ ಅರ್ಧವಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಪ್ರಬಂಧ ಅಚ್ಚಾಯಿತು. ಆರೋಗ್ಯವಂತರ ಸಾಲಿನಲ್ಲಿ ಇಪ್ಪತ್ತೂ ನೆಗೆಟಿವ್.

ಮಾತ್ರೆ ಕೊಟ್ಟಾಗ ಹುಳು ಸಾಯುತ್ತದೆ, ಸಾಯುವಾಗ ಸುತ್ತಲಿನ ಮಿದುಳು ಊದಿಕೊಳ್ಳುತ್ತದೆ. ರಾಯರು ಆ ವಾರಗಳನ್ನು ದಾಟಿದರು. ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ಐದಾರು ತಿಂಗಳ ಮೇಲೆ ಆಟೋದಲ್ಲಿ ಲ್ಯಾಬಿಗೆ ಬಂದರು. ಮೆಟ್ಟಿಲು ಹತ್ತುವಾಗ ಅಟೆಂಡರ್ ಹಿಂದೆ ಹಿಂದೆಯೇ ಬಂದ, ಮುಟ್ಟದೆ, ಆದರೆ ಕೈ ಚಾಚಿಕೊಂಡು. ಮುಂದಿನದನ್ನು ಅವತ್ತು ಸಂಜೆಯೇ ಬರೆದಿಟ್ಟಿದ್ದೇನೆ, ಆದ್ದರಿಂದ ನೆನಪನ್ನು ಕೇಳಬೇಕಿಲ್ಲ.

ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ನೋಟ್‌ಬುಕ್ ಕೊಡಮ್ಮ ಎಂದರು. ಕೊಡದಿರಲು ನನಗೆ ಕಾರಣ ತೋಚಲಿಲ್ಲ. ಎಡಗೈಯಲ್ಲಿ ಪುಟ ತಿರುವುತ್ತ ಹೋದರು. ಮೂವತ್ತು ವರ್ಷ ಇಂಥ ಪುಸ್ತಕ ಬರೆದವರು. ಅಡ್ಡಗೆರೆ ಎಳೆದ ಹದಿನಾಲ್ಕರ ಮೇಲೆ ಬೆರಳು ನಿಂತಿತು. ತಾರೀಖು ಓದಿದರು. ಪುಟ ಮುಂದೆ ತಿರುವಿ, ಹೊಸ ಹದಿನಾಲ್ಕನ್ನು ನೋಡಿ, ಮತ್ತೆ ಹಿಂದಕ್ಕೆ ಬಂದರು.

"ಈ ಎರಡನೇ ಹದಿನಾಲ್ಕು ಯಾರು?"

"ನಾನೇ ರಾಯರೇ," ಎಂದ ಅಟೆಂಡರ್.

ಅವನನ್ನು ಸ್ವಲ್ಪ ಹೊತ್ತು ನೋಡಿದರು. "ಒಳ್ಳೇದಾಯ್ತು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಮೊದಲನೆಯ ಹದಿನಾಲ್ಕು ಯಾರೆಂದು ಕೇಳಲಿಲ್ಲ. ಆ ತೋಳಿಗೆ ಎರಡು ಸಲ ಚುಚ್ಚಿದವಳು ನಾನೇ ಎಂಬುದು ಅವರಿಗೆ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತಮ್ಮ ಎಂದೂ ಕೇಳಲಿಲ್ಲ, ತಾರೀಖು ಅಲ್ಲೇ ಇತ್ತು. ಕೇಳಿದರೆ ಏನು ಹೇಳುವುದೆಂದು ನಾನು ಎಷ್ಟೋ ತಿಂಗಳಿಂದ ಸಿದ್ಧಪಡಿಸಿದ್ದ ಮಾತು ಬಾಯಲ್ಲೇ ಉಳಿಯಿತು.

"ಕೈ ಪಳಗಿದೆ ಕಣಮ್ಮ ನಿಂದು," ಎಂದರು. "ಮೂರು ಸಲಾನೂ ಒಂದೇ ರೀಡಿಂಗು."

ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದರು. ನಾನು ಏನೋ ಹೇಳಲು ಹೊರಟೆ. ಆಗ ಅವರ ತುಟಿ ಅಲುಗತೊಡಗಿತು. ಜಪವಿರಬಹುದು, ಅದು ಸಂಧ್ಯೆಯ ಹೊತ್ತು, ಅವರು ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದರು. ನಾನು ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳನ್ನು ನೋಡುತ್ತಿದ್ದೆ, ಅಟೆಂಡರ್ ಅವರ ಮುಖವನ್ನು ನೋಡುತ್ತಿದ್ದ. ಹತ್ತು ಸೆಕೆಂಡು. ಇಪ್ಪತ್ತು. ಅವರ ಎಡಗೈ ಪುಸ್ತಕವನ್ನು ಬಿಟ್ಟು ಮೆಲ್ಲಗೆ ಮೇಲೆದ್ದು ಅಂಗಿಯ ಮೊದಲ ಗುಂಡಿಯನ್ನು ಹುಡುಕಿತು.